ಎಡಗೆನ್ನೆಯಲ್ಲಿ

ಹಲ್ಲಿಗೆ ಗಟ್ಟಿಯಾಗಿ ಏನೋ ತಗುಲಿದಾಗ ಆಂಪಾರೋ ನಗುತ್ತಲೇ ಇದ್ದಳು. ಹನ್ನೊಂದು ವರ್ಷಗಳಿಂದ ದಿನಾ ಬೆಳಿಗ್ಗೆ ಏಳರಿಂದ ಹತ್ತರವರೆಗೆ ಕ್ಯಾಮೆರಾದ ಮುಂದೆ ಕುಳಿತ ಮುಖಕ್ಕೆ, ಒಳಗೆ ಏನೇ ಆಗುತ್ತಿರಲಿ, ತನ್ನ ಪಾಡಿಗೆ ತಾನು ನಗುವುದು ಅಭ್ಯಾಸವಾಗಿಬಿಟ್ಟಿತ್ತು. ಅಂದು ಮೂರು ರಾಜರ ಹಬ್ಬ. ಸ್ಟುಡಿಯೋದ ಉದ್ದನೆಯ ಮೇಜಿನ ಮೇಲೆ ಗಾಡಿಯ ಗಾಲಿಯಷ್ಟು ದೊಡ್ಡ ರೋಸ್ಕಾ, ಬಳೆಯಂತೆ ದುಂಡಗೆ ಬೇಯಿಸಿದ ಸಿಹಿ ಬ್ರೆಡ್ಡು, ಮೈತುಂಬ ಸಕ್ಕರೆ ಪಾಕದ ಅಂಜೂರ ಕಿತ್ತಳೆ ಅಂಟಿಸಿಕೊಂಡು ದೀಪಗಳ ಶಾಖಕ್ಕೆ ಬೆವರುತ್ತಿತ್ತು. ಅದರೊಳಗೆ ಎಲ್ಲೋ ಒಂದು ಕಡೆ ಕಿರುಬೆರಳಿನ ತುದಿಯಷ್ಟು ಪುಟ್ಟ ಬಾಲಯೇಸುವಿನ ಗೊಂಬೆ. ಅದು ಯಾರ ಪಾಲಿಗೆ ಬರುತ್ತದೋ ಅವರು ಫೆಬ್ರವರಿ ಎರಡರಂದು, ಕಂದೇಲಾರಿಯಾ ಹಬ್ಬಕ್ಕೆ, ಎಲ್ಲರಿಗೂ ತಮಾಲ್, ಜೋಳದ ಹಿಟ್ಟನ್ನು ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ ಕಡುಬು, ಮಾಡಿ ಬಡಿಸಬೇಕು. ಊರಿಗೆಲ್ಲ ಇರುವ ಈ ಕಟ್ಟಳೆಗೆ 'ಬೆಳಗಾಯಿತು, ನೆರೆಯವರೇ' ಕಾರ್ಯಕ್ರಮದವರು ತಮ್ಮದೊಂದು ಬಾಲ ಸೇರಿಸಿದ್ದರು: ಗೊಂಬೆ ಸಿಕ್ಕವರ ಮನೆಗೇ ಅಂದು ಕ್ಯಾಮೆರಾ ಹೋಗುತ್ತದೆ, ಅಷ್ಟೂ ಹೊತ್ತಿನ ಕಾರ್ಯಕ್ರಮ ಅವರ ಅಡುಗೆಮನೆಯಿಂದಲೇ. ಹೋದ ವರ್ಷ ಜೊತೆಯ ನಿರೂಪಕ ಫೆರ್ಮಿನನ ಸರದಿ. ಅವನ ಹೆಂಡತಿ, ಅತ್ತೆ, ಅತ್ತೆಯ ಗಿಳಿ ಎಲ್ಲರೂ ದೇಶಕ್ಕೆಲ್ಲ ಕಾಣಿಸಿಕೊಂಡಿದ್ದರು. ಗಿಳಿ ನಿರ್ಮಾಪಕರನ್ನು ಬಾಯಿಗೆ ಬಂದಂತೆ ಬೈದದ್ದನ್ನು ಜನ ತಿಂಗಳುಗಟ್ಟಲೆ ನೆನೆಸಿಕೊಂಡು ನಕ್ಕಿದ್ದರು.

ಅವಳು ಯೋಚಿಸಲಿಲ್ಲ. ಆಮೇಲೆ ಎಷ್ಟು ಸಲ ಆ ಕ್ಷಣವನ್ನು ಹಿಂದಕ್ಕೆ ತಿರುಗಿಸಿ ನೋಡಿದರೂ ಅಲ್ಲಿ ಯೋಚನೆಯೆಂಬುದು ಸಿಗಲಿಲ್ಲ. ನಾಲಿಗೆ ತಾನೇ ಹೊರಳಿ, ಗೊಂಬೆಯನ್ನು ಬ್ರೆಡ್ಡಿನ ಮುದ್ದೆಯಿಂದ ಬಿಡಿಸಿ, ಎಡಗೆನ್ನೆಯ ಮೂಲೆಗೆ, ದವಡೆಯ ಹಿಂದಕ್ಕೆ, ಒತ್ತರಿಸಿಟ್ಟಿತು. ಮೂವತ್ತೈದು ವರ್ಷಗಳ ಹಿಂದೆ ಗೆರೆರೋ ಬೀದಿಯ ವಠಾರದಲ್ಲಿ ಅಷ್ಟೂ ಮನೆಯವರು ನಲ್ಲಿಕಟ್ಟೆಯ ಸುತ್ತ ನಿಂತು ಒಂದೇ ರೋಸ್ಕಾ ಹಂಚಿಕೊಂಡು ತಿನ್ನುತ್ತಿದ್ದಾಗ, ಆರು ವರ್ಷದ ಅವಳು ಕಣ್ಣರಳಿಸಿ ಬಾಯಿಗೆ ಕೈ ಹಾಕಲು ಹೋಗಿದ್ದಳು, ಪಕ್ಕದಲ್ಲಿದ್ದ ಅಮ್ಮ ಬಗ್ಗಿ ಅವಳ ಜಡೆ ಸರಿಮಾಡುವವಳಂತೆ ಕಿವಿಯಲ್ಲಿ ಹೇಳಿದ್ದಳು, "ಎಡಗೆನ್ನೇಲಿ ಇಟ್ಕೋ. ಕಚ್ಚಬೇಡ. ನಗ್ತಾ ಇರು." ಅಮ್ಮನ ಕೈ ಬೇರೆಯವರ ಬಟ್ಟೆ ಒಗೆದು ಸುಕ್ಕಾಗಿತ್ತು, ಸೋಪಿನ ವಾಸನೆ ಬರುತ್ತಿತ್ತು. ಇಡೀ ವಠಾರಕ್ಕೆ ತಮಾಲ್ ಮಾಡುವಷ್ಟು ಹಿಟ್ಟು ಆ ಮನೆಯಲ್ಲಿ ಇರಲಿಲ್ಲ, ಅಷ್ಟೇ. ಆಂಪಾರೋ ನಕ್ಕಿದ್ದಳು. ಈ ನಗು ಅಲ್ಲಿಂದಲೇ ಶುರುವಾದದ್ದಿರಬೇಕು.

"ಏನಿದು ಆಶ್ಚರ್ಯ!" ಫೆರ್ಮಿನ್ ಕ್ಯಾಮೆರಾದತ್ತ ಕೈ ಚಾಚಿದ. "ನೆರೆಯವರೇ, ನೋಡಿ ಇಲ್ಲಿ. ಹನ್ನೊಂದು ವರ್ಷದಲ್ಲಿ ಮೊದಲನೇ ಸಲ ಆಂಪಾರೋ ಬಾಯಿ ಮುಚ್ಚಿಕೊಂಡಿದ್ದಾಳೆ. ಇದನ್ನ ಮೊದಲೇ ಹೇಳಬಾರದಾಗಿತ್ತೇನ್ರಪ್ಪಾ? ದಿನಾ ಒಂದು ರೋಸ್ಕಾ ತಂದಿಡ್ತಿದ್ದೆ!"

ಸ್ಟುಡಿಯೋ ನಕ್ಕಿತು. ಅವಳು ಬಾಯಿ ತುಂಬ ಬ್ರೆಡ್ಡಿದೆ ಎಂಬಂತೆ ಕೈಯಾಡಿಸಿದಳು. ಹೋಳುಗಳು ಒಂದೊಂದಾಗಿ ಖಾಲಿಯಾದವು. ದೀಪದ ಹುಡುಗಿಯರು, ವಾದ್ಯದವರು, ಹವಾಮಾನ ಹೇಳುವಾಕೆ, ಎಲ್ಲರೂ ತಂತಮ್ಮ ಚೂರುಗಳನ್ನು ಮುರಿದು ನೋಡಿ ತೋರಿಸಿದರು. ಗೊಂಬೆ ಇಲ್ಲ. ಮೇಜಿನ ತುದಿಯಲ್ಲಿ ಬಿಳಿ ಟೋಪಿ ಹಾಕಿಕೊಂಡು ನಿಂತಿದ್ದ ಬೇಕರಿಯ ಮುದುಕನ ಕಡೆಗೆ ಫೆರ್ಮಿನ್ ತಿರುಗಿದ. "ಏನು ಯಜಮಾನರೇ, ನಮ್ಮ ದೇವರನ್ನೇ ಉಳಿಸಿಕೊಂಡುಬಿಟ್ಟರಾ? ಒಂದು ಗೊಂಬೆಗೂ ಜುಗ್ಗತನವಾ?"

"ಹಾಕಿದ್ದೆ ಸ್ವಾಮಿ," ಎಂದ ಮುದುಕ. "ನನ್ನ ಕೈಯಾರೆ ಹಾಕಿದ್ದೆ."

"ಹಾಗಾದರೆ ನಡ್ಕೊಂಡು ಹೋಯ್ತಾ?"

ಮತ್ತೆ ನಗು. ಮುದುಕನೂ ನಗಲು ನೋಡಿದ, ಆಗಲಿಲ್ಲ. ಟೋಪಿ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡ. ಅವನ ಹಣೆಯಲ್ಲಿ ಟೋಪಿಯ ಗೆರೆ ಕೆಂಪಗೆ ಮೂಡಿದ್ದು ಆಂಪಾರೋಗೆ ಕಾಣಿಸಿತು. ಅವನ ಮಕ್ಕಳು, ಸೊಸೆಯಂದಿರು, ಅವನ ಬೀದಿಯವರು ಎಲ್ಲರೂ ಈಗ ಟಿವಿಯ ಮುಂದಿರುತ್ತಾರೆ. ಬಾಯಿ ತೆರೆದರೆ ಸಾಕು, ಸಿಕ್ಕಿತು ಸಿಕ್ಕಿತು ಎಂದು ಕಿರುಚಿದರೆ ಸಾಕು. ಆದರೆ ಬಾಯಿ ತೆರೆದರೆ ಕಂದೇಲಾರಿಯಾದ ಬೆಳಿಗ್ಗೆ ಕ್ಯಾಮೆರಾ ಅವಳ ಅಡುಗೆಮನೆಗೆ ಬರುತ್ತದೆ, ಅಲ್ಲಿ ಏಪ್ರನ್ ಕಟ್ಟಿಕೊಂಡು ಅಮ್ಮ ನಿಂತಿರುತ್ತಾಳೆ, ಫೆರ್ಮಿನ್ ಮೈಕು ಹಿಡಿದು "ಇವರು ಯಾರು?" ಎಂದು ಕೇಳುತ್ತಾನೆ. ಅವಳು ನಗುತ್ತಾ ಕುಳಿತಳು.

ಜಾಹೀರಾತಿಗೆ ಬಿಟ್ಟಾಗ ಮೇಕಪ್ಪಿನ ಓರ್ತೆನ್ಸಿಯಾ ಪೌಡರಿನ ಡಬ್ಬಿ ಹಿಡಿದು ಬಂದಳು. ಅರವತ್ತು ದಾಟಿದ, ಮಂಡಿನೋವಿನ ಹೆಂಗಸು. ಪ್ರತಿ ದಿನ ನಸುಕಿಗೇ ಆಂಪಾರೋಳ ಮುಖವನ್ನು ಮೊದಲು ಮುಟ್ಟುವ ಕೈ ಅವಳದು. ಹಣೆ ಒತ್ತಿದಳು, ಮೂಗು ಒತ್ತಿದಳು, ಎಡಗೆನ್ನೆಯ ಮೇಲೆ ಕೈ ತಡೆಯಿತು. ಸ್ಪಂಜಿನ ಅಡಿಯಲ್ಲಿ ಆ ಗಟ್ಟಿ ಗಂಟು ಅವಳಿಗೆ ಸಿಕ್ಕಿತೆಂದು ಆಂಪಾರೋಗೆ ಗೊತ್ತಾಯಿತು. ಇಬ್ಬರ ಕಣ್ಣೂ ಒಂದು ಗೇಣು ದೂರದಲ್ಲಿದ್ದವು. ಓರ್ತೆನ್ಸಿಯಾ ಕೆನ್ನೆಯ ಉಬ್ಬು ಕಾಣದ ಹಾಗೆ ಅದರ ಸುತ್ತ ಇನ್ನೊಂದು ಪದರ ಕಂದು ಬಣ್ಣ ಹಚ್ಚಿ, "ಈ ಕಡೆ ಕ್ಯಾಮೆರಾಕ್ಕೆ ತಿರುಗಬೇಡ, ಮಗು," ಎಂದು ಹೇಳಿ ಹೋದಳು.

ಕ್ಯಾಮೆರಾದ ಕೆಂಪು ದೀಪ ಮತ್ತೆ ಹತ್ತಿಕೊಂಡಿತು. ಫೆರ್ಮಿನ್ ಮುದುಕನನ್ನು ಇನ್ನೊಂದು ಸುತ್ತು ಹಿಡಿಯಲು ಬಾಯಿ ತೆರೆಯುತ್ತಿದ್ದಂತೆ ಕತ್ತಲಿನಿಂದ, ವೈರುಗಳನ್ನು ದಾಟಿಕೊಂಡು, ಓರ್ತೆನ್ಸಿಯಾ ಬೆಳಕಿಗೆ ಬಂದಳು. "ಬೈಬೇಡಿ ಅವರನ್ನ. ಗೊಂಬೆ ನನ್ನ ಹತ್ರ ಇದೆ. ಮುಂಚೇನೇ ಒಂದು ಚೂರು ಕದ್ದು ತಿಂದಿದ್ದೆ." ಅಂಗೈ ಬಿಚ್ಚಿದಳು. ಅದು ಹಳೆಯ ಗೊಂಬೆ, ಗುಲಾಬಿ ಬಣ್ಣದ್ದು, ಮೂಗು ಸವೆದದ್ದು. ಹಿಂದಿನ ಯಾವುದೋ ಹಬ್ಬದಲ್ಲಿ ಸಿಕ್ಕಿ ಬ್ರಷ್ಷುಗಳ ಪೆಟ್ಟಿಗೆಯಲ್ಲಿ ದೇವರಾಗಿ ಉಳಿದುಕೊಂಡದ್ದು. ಬೇಕರಿಯ ಮುದುಕ ಬಗ್ಗಿ ನೋಡಿದ. ಅವನ ಕಣ್ಣಿನಲ್ಲಿ ಒಂದು ಗೊಂದಲ ಬಂದು ಹೋಯಿತು. ಆಮೇಲೆ ಓರ್ತೆನ್ಸಿಯಾಳ ಮುಖ ನೋಡಿ, "ಹೌದು, ಇದೇ. ನಾನು ಹಾಕಿದ್ದು ಇದನ್ನೇ," ಎಂದು ಟೋಪಿ ಹಾಕಿಕೊಂಡ.

ಕಿವಿಗೆ ಸಿಕ್ಕಿಸಿಕೊಂಡಿದ್ದ ಇಯರ್‌ಫೋನಿನಲ್ಲಿ ಮೇಲಿನ ಕೋಣೆಯಿಂದ ನಿರ್ಮಾಪಕರ ಧ್ವನಿ ಬಂತು; ಅದು ಆಂಪಾರೋ, ಫೆರ್ಮಿನ್ ಇಬ್ಬರಿಗೆ ಮಾತ್ರ ಕೇಳುವಂಥದ್ದು. "ಮೇಕಪ್ಪಿನವಳ ಮನೆಯಿಂದ ಕಾರ್ಯಕ್ರಮವಾ? ಯಾರು ನೋಡ್ತಾರೆ? ತಮಾಲ್ ಮಾಡಿ ಇಲ್ಲಿಗೇ ತರೋಕೆ ಹೇಳಿ, ಮುಗೀತು." ಫೆರ್ಮಿನ್ ಅದನ್ನು ಸಿಹಿ ಮಾಡಿ ಹೇಳಿದ. ಓರ್ತೆನ್ಸಿಯಾ ತಲೆಯಾಡಿಸಿ ಮತ್ತೆ ಕತ್ತಲಿಗೆ ಸರಿದಳು. ಆಂಪಾರೋ ಬಲಗಡೆಯ ಮುಖವನ್ನು ಕ್ಯಾಮೆರಾಕ್ಕೆ ಕೊಟ್ಟು ಚಪ್ಪಾಳೆ ತಟ್ಟಿದಳು.

ಮನೆಗೆ ಬಂದಾಗ ಅಮ್ಮ ಅಡುಗೆಮನೆಯಲ್ಲಿ ಕುಳಿತು ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ಫ್ರಿಜ್ಜಿನ ಮೇಲೆ ಪುಟ್ಟ ಟಿವಿ. ದಿನಾ ಬೆಳಿಗ್ಗೆ ಅಮ್ಮ ಅದರ ಮುಂದೆ ಕುಳಿತು ಮಗಳನ್ನು ನೋಡುತ್ತಾಳೆ, ಮಗಳು ಎಲ್ಲರಿಗೂ ಶುಭೋದಯ ಹೇಳಿದಾಗ ತಾನೂ ಒಂದು ಶುಭೋದಯ ಹೇಳುತ್ತಾಳೆ. ಬಾಗಿಲ ಹಿಂದಿನ ಮೊಳೆಯಲ್ಲಿ ನೀಲಿ ಏಪ್ರನ್. ಆಂಪಾರೋ ಅದರ ಕಡೆ ನೋಡುವುದಿಲ್ಲ. ಹನ್ನೊಂದು ವರ್ಷದ ಹಿಂದೆ, ಅವಳಿಗೆ ಈ ಕೆಲಸ ಖಚಿತವಾದ ದಿನ, ನಿರ್ಮಾಪಕರು ಹೇಳದೆ ಕೇಳದೆ ಹೂಗುಚ್ಛ ಹಿಡಿದು ಬಂದಿದ್ದರು. ಒದ್ದೆ ಕೈ ಒರೆಸಿಕೊಳ್ಳುತ್ತಾ ಬಾಗಿಲು ತೆರೆದ, ಎರಡು ಜಡೆಯ, ಕಪ್ಪು ಮುಖದ ಹೆಂಗಸಿನ ಕೈಗೆ ತಮ್ಮ ಕೋಟು ಕೊಟ್ಟು, "ನಿಮ್ಮ ಸೆನ್ಯೋರಾ ಇದ್ದಾರಾ?" ಎಂದು ಮನೆಯ ಯಜಮಾನಿಯನ್ನು ವಿಚಾರಿಸಿದ್ದರು. ಆಂಪಾರೋ ಮೆಟ್ಟಿಲ ಮೇಲಿದ್ದಳು. ಇನ್ನೂ ನಾಲ್ಕು ಮೆಟ್ಟಿಲು ಉಳಿದಿದ್ದವು. ಇಳಿಯುವಷ್ಟರಲ್ಲಿ ಹೇಳಬಹುದಾಗಿತ್ತು, ಇಳಿದ ಮೇಲೂ ಹೇಳಬಹುದಾಗಿತ್ತು. ಅಮ್ಮ ಅವಳ ಮುಖವನ್ನು ಒಮ್ಮೆ ನೋಡಿದಳು, ಬರೀ ಒಮ್ಮೆ, ಆಮೇಲೆ ಕೋಟನ್ನು ತೋಳಿಗೆ ಹಾಕಿಕೊಂಡು, "ಕಾಫಿ ತರಲಾ, ಸೆನ್ಯೋರಾ?" ಎಂದಳು. ತರಲಿ ಎಂದು ಆಂಪಾರೋ ಹೇಳಿದ್ದಳು. ಆ ವಾರವೇ ಅಮ್ಮ ಸಂತೆಗೆ ಹೋಗಿ ಏಪ್ರನ್ ಕೊಂಡು ತಂದಳು. ಯಾರೂ ಹೇಳಿರಲಿಲ್ಲ. ಅಂದಿನಿಂದ ಯಾರಾದರೂ ಬಾಗಿಲ ಗಂಟೆ ಬಾರಿಸಿದಾಗಲೆಲ್ಲ ಅದನ್ನು ಕಟ್ಟಿಕೊಂಡೇ ಬಾಗಿಲಿಗೆ ಹೋಗುತ್ತಾಳೆ.

"ಎಡಗೆನ್ನೆ," ಎಂದಳು ಅಮ್ಮ, ತಲೆಯೆತ್ತದೆ. "ಇನ್ನೂ ಎಡಗೆನ್ನೇನೇ."

ಆಂಪಾರೋ ಚೀಲದಿಂದ ಟಿಶ್ಯೂ ಕಾಗದದ ಉಂಡೆ ತೆಗೆದು ಮೇಜಿನ ಮೇಲಿಟ್ಟಳು. ಅಮ್ಮ ಬಿಚ್ಚಿ, ಬಿಳಿ ಗೊಂಬೆಯನ್ನು ಸೆರಗಿನಂತೆ ಹೊದ್ದಿದ್ದ ತನ್ನ ಹಳೆಯ ಶಾಲಿನ ತುದಿಯಿಂದ ಒರೆಸಿ, ಕಿಟಕಿಯ ಕಟ್ಟೆಯ ಮೇಲೆ ನಿಲ್ಲಿಸಿದಳು. ಆಗಿನದು ಹಿಟ್ಟಿಲ್ಲದ್ದಕ್ಕೆ, ಈಗಿನದು ಯಾತಕ್ಕೆ ಎಂದು ಅಮ್ಮ ಕೇಳುತ್ತಾಳೆಂದು ಅವಳು ಕಾದಳು. ಅಮ್ಮ ಕೇಳಿದ್ದು ಬೇರೆ.

"ಆ ಹೆಂಗಸು ಯಾರು? ಗುಲಾಬಿ ಗೊಂಬೆ ತೋರಿಸಿದಳಲ್ಲ, ಈಗಿನವೆಲ್ಲ ಬಿಳೀವು ಬರ್ತವೆ."

"ಓರ್ತೆನ್ಸಿಯಾ. ಮೇಕಪ್ ಮಾಡ್ತಾರೆ."

"ಮಂಡಿ ನೋವು ಅವಳಿಗೆ. ನಡೆಯೋದು ನೋಡಿದೆ. ಮನೇಲಿ ಸಹಾಯಕ್ಕೆ ಯಾರಿದ್ದಾರೆ?"

"ಗೊತ್ತಿಲ್ಲಮ್ಮ."

"ಗೊತ್ತಿಲ್ವಾ?" ಅಮ್ಮ ನಾರು ತೆಗೆಯುವುದನ್ನು ನಿಲ್ಲಿಸಿ ಅವಳನ್ನು ನೋಡಿದಳು. ಬೈಗುಳವಿರಲಿಲ್ಲ ಅದರಲ್ಲಿ, ನಿಜವಾಗಿ ಆಶ್ಚರ್ಯವಾಗಿತ್ತು. "ಅಷ್ಟೂ ಜನಕ್ಕೆ ಒಬ್ಬಳೇ ಹೇಗೆ ಮಾಡ್ತಾಳೆ? ನಾನು ಮಾಡಿಕೊಡ್ತೀನಿ. ನಮ್ಮ ಮನೆ ಅಡುಗೆಯವಳು ಮಾಡ್ತಾಳೆ ಅಂತ ಹೇಳು, ಬೇಡ ಅನ್ನಲ್ಲ ಅವಳು."

ಆ ಮಾತಿನೊಳಗೆ ಎಲ್ಲಾದರೂ ಒಂದು ಮುಳ್ಳಿದೆಯೇ ಎಂದು ಆಂಪಾರೋ ಹುಡುಕಿದಳು. ಇದ್ದಿದ್ದರೆ ಒಳ್ಳೆಯದಿತ್ತು. ಚುಚ್ಚಿದ್ದರೆ ಅವಳೂ ಸಿಟ್ಟಾಗಬಹುದಾಗಿತ್ತು, ಕೂಗಾಡಿ ಅಳಬಹುದಾಗಿತ್ತು. ಮರುದಿನ ಕನ್ನಡಿಯ ಮುಂದೆ ಕುಳಿತು, ಕಣ್ಣು ಮುಚ್ಚಿಕೊಂಡು, ರೆಪ್ಪೆಯ ಮೇಲೆ ಬ್ರಷ್ಷು ಆಡುತ್ತಿರುವಾಗ, ಅಮ್ಮ ಹೇಳಿಕೊಟ್ಟಂತೆಯೇ ಓರ್ತೆನ್ಸಿಯಾಗೆ ಹೇಳಿದಳು: ನಮ್ಮ ಮನೆಯ ಅಡುಗೆಯವಳು ಮಾಡಿಕೊಡುತ್ತಾಳೆ. ಕಣ್ಣು ಮುಚ್ಚಿದ್ದಾಗ ಹೇಳುವುದು ಸುಲಭವಾಗಿತ್ತು. "ದೇವರು ಅವಳ ಕೈ ತಂಪಾಗಿಡಲಿ," ಎಂದಳು ಓರ್ತೆನ್ಸಿಯಾ. "ನನ್ನ ಗಂಡನಿಗೆ ಹಾಸಿಗೆ ಬಿಟ್ಟು ಏಳೋಕಾಗಲ್ಲ ನೋಡು, ರಾತ್ರಿಯೆಲ್ಲ ಹಿಟ್ಟು ನಾದೋದು ಹೇಗಪ್ಪಾ ಅಂತಿದ್ದೆ. ಏನು ಅವಳ ಹೆಸರು?" ಆಂಪಾರೋ ಹೇಳಿದಳು, "ಹೋವಿತಾ." ಅಮ್ಮನ ಹೆಸರನ್ನು ಆ ಕಟ್ಟಡದೊಳಗೆ ಅವಳು ಉಚ್ಚರಿಸಿದ್ದು ಅದೇ ಮೊದಲು.

ಕಂದೇಲಾರಿಯಾದ ಹಿಂದಿನ ಎರಡು ದಿನ ಮನೆಯೆಲ್ಲ ನೆನೆದ ಜೋಳದ ಸಿಪ್ಪೆಯ ವಾಸನೆ. ಅಮ್ಮ ಹಂದಿಯ ಕೊಬ್ಬು ಹಾಕಿ ಹಿಟ್ಟನ್ನು ಅಂಗೈಯಿಂದ ಬಡಿಯುತ್ತಿದ್ದಳು, ಒಂದು ಚಿಟಿಕೆ ಹಿಟ್ಟನ್ನು ನೀರಿನ ಲೋಟಕ್ಕೆ ಬಿಟ್ಟು ತೇಲುತ್ತದೆಯೇ ನೋಡುತ್ತಿದ್ದಳು, ತೇಲದಿದ್ದರೆ ಮತ್ತೆ ಬಡಿಯುತ್ತಿದ್ದಳು. ಅಡುಗೆಮನೆಯ ಬಾಗಿಲಿನವರೆಗೆ ಬಂದು ಆಂಪಾರೋ ನಿಂತಳು. "ನಾನೂ ಸುತ್ತಲಾ?" ಎಂದಳು. "ಉಗುರಿನ ಬಣ್ಣ ಹಾಳಾಗುತ್ತೆ, ನಾಳೆ ಕ್ಯಾಮೆರಾದಲ್ಲಿ ಕಾಣುತ್ತೆ," ಎಂದಳು ಅಮ್ಮ. ಆಂಪಾರೋ ಹಿಂದಕ್ಕೆ ಹೋದಳು. ಎಷ್ಟು ಬೇಗ ಹಿಂದಕ್ಕೆ ಹೋದೆ ಎಂದು ಆಮೇಲೆ ಹಾಸಿಗೆಯ ಅಂಚಿನಲ್ಲಿ ಕುಳಿತು ಉಗುರುಗಳನ್ನು ನೋಡಿಕೊಂಡಳು.

ಸ್ಟುಡಿಯೋದಲ್ಲಿ ಎರಡು ದೊಡ್ಡ ಹಬೆಪಾತ್ರೆಗಳ ಮುಚ್ಚಳ ತೆಗೆದಾಗ ಕ್ಯಾಮೆರಾದ ಕಣ್ಣಿಗೇ ಮಂಜು ಕವಿಯಿತು. ಫೆರ್ಮಿನ್ ಒಂದು ತಮಾಲಿನ ಸಿಪ್ಪೆ ಬಿಡಿಸಿ ತುತ್ತು ಬಾಯಿಗಿಟ್ಟವನು ಎಂದಿನಂತೆ "ಆಹಾ" ಎನ್ನಲಿಲ್ಲ. ಅಗಿದ. ಇನ್ನೊಂದು ತುತ್ತು ಇಟ್ಟ. "ಓರ್ತೆನ್ಸಿಯಾ," ಎಂದ, "ನಿಮ್ಮನ್ನ ಮೇಕಪ್ಪಿಗೆ ಹಾಕಿದವರು ಯಾರು? ಅವರನ್ನ ಜೈಲಿಗೆ ಹಾಕಬೇಕು."

ಓರ್ತೆನ್ಸಿಯಾ ಬೆಳಕಿನಲ್ಲಿ ಕಣ್ಣು ಕಿರಿದುಮಾಡಿ ನಿಂತಿದ್ದಳು, ಒಳ್ಳೆಯ ಬಟ್ಟೆ ಹಾಕಿಕೊಂಡು, ತನ್ನ ಮುಖಕ್ಕೆ ಮಾತ್ರ ಏನೂ ಹಚ್ಚಿಕೊಳ್ಳದೆ. "ನಾನು ಮಾಡಿದ್ದಲ್ಲ ಇದು. ಬೇರೆಯವರ ಕೈರುಚೀನ ನಂದು ಅಂತ ಹೇಳೋಕಾಗಲ್ಲ. ಆಂಪಾರೋ ಮನೇಲಿ ಮಾಡಿದ್ದು."

"ಓಹೋ!" ಫೆರ್ಮಿನ್ ಕುರ್ಚಿ ಸಮೇತ ತಿರುಗಿದ. "ಮೊಟ್ಟೆ ಬೇಯಿಸೋಕೂ ಗಡಿಯಾರ ಬೇಕು ಇವಳಿಗೆ! ಏನೇ, ಹೇಳೇ ನಿಜಾನ. ನಿಮ್ಮನೇಲಿ ಇಂಥ ಕೈ ಯಾರದು?"

ಕ್ಯಾಮೆರಾದ ಪಕ್ಕದಲ್ಲಿ ಎಲಿಹಿಯೋ ಎರಡೂ ಕೈ ಎತ್ತಿದ. ಸ್ಟುಡಿಯೋದ ಹೊತ್ತು ನೋಡಿಕೊಳ್ಳುವವನು ಅವನು. ಹತ್ತೂ ಬೆರಳು ಬಿಡಿಸಿದ, ಜಾಹೀರಾತಿಗೆ ಹತ್ತು ಸೆಕೆಂಡು. ಆಂಪಾರೋ ಅವನ ಬೆರಳುಗಳನ್ನು ನೋಡಿದಳು. ಈಗ ಆ ಪುಟ್ಟ ಟಿವಿಯ ಮುಂದೆ ಅಮ್ಮ ಕುಳಿತಿದ್ದಾಳೆ, ಕೈಯಲ್ಲಿ ಇನ್ನೂ ಹಿಟ್ಟಿನ ವಾಸನೆ ಇರುತ್ತದೆ, ಟಿವಿಯ ಧ್ವನಿ ಜಾಸ್ತಿ ಮಾಡಿರುತ್ತಾಳೆ. ಎರಡೇ ಮಾತು. ಹತ್ತು ಸೆಕೆಂಡಿನಲ್ಲಿ ಎರಡು ಮಾತನ್ನು ಐದು ಸಲ ಹೇಳಬಹುದು. ಅವಳು ತಲೆ ಹಿಂದಕ್ಕೆ ಹಾಕಿ ನಕ್ಕಳು. "ಹೇಳ್ತೀನಿ, ಹೇಳ್ತೀನಿ, ಇರು," ಎಂದಳು. ಐದು. "ಅಷ್ಟು ಸುಲಭವಾಗಿ ಗುಟ್ಟು ಬಿಟ್ಟುಕೊಡಲ್ಲ." ಮೂರು. ಹನ್ನೊಂದು ವರ್ಷಗಳಿಂದ ಆ ಬೆರಳುಗಳನ್ನು ನೋಡಿ, ಎಲ್ಲಿ ಮಾತು ಮುಗಿಸಿದರೆ ಜಾಹೀರಾತು ತಾಗಿಕೊಂಡಂತೆ ಬರುತ್ತದೆಂದು ಅವಳ ಮೈಗೆ ಗೊತ್ತಿತ್ತು. ಎರಡು. "ಇದನ್ನ ಮಾಡಿದ್ದು..." ಎಲಿಹಿಯೋನ ಮುಷ್ಟಿ ಮುಚ್ಚಿತು. ಕೆಂಪು ದೀಪ ಆರಿತು.

"ನಮ್ಮಮ್ಮ," ಎಂದಳು ಆಂಪಾರೋ.

ಫೆರ್ಮಿನ್ ಆಗಲೇ ಮುಂದಿನ ಹಾಳೆ ತಿರುವುತ್ತಿದ್ದ. ಯಾರೋ ಪಾತ್ರೆಗಳನ್ನು ಹೊರಗೆ ಎಳೆಯುತ್ತಿದ್ದರು, ಜನ ತಟ್ಟೆ ಹಿಡಿದು ಮುಗಿಬಿದ್ದಿದ್ದರು. ಪೌಡರಿನ ಡಬ್ಬಿ ಹಿಡಿದು ಎದುರಿಗೆ ಬಂದಿದ್ದ ಓರ್ತೆನ್ಸಿಯಾಗೆ ಮಾತ್ರ ಅದು ಕೇಳಿಸಿತು. ಅವಳು ಸ್ಪಂಜನ್ನು ಎತ್ತಿದವಳು ಹಾಗೇ ನಿಂತಳು. ಆಮೇಲೆ ಹಣೆ ಒತ್ತಿದಳು, ಮೂಗು ಒತ್ತಿದಳು, ಕಣ್ಣಿನ ಕೆಳಗೆ ತುಂಬ ಮೆತ್ತಗೆ, ಅಲ್ಲಿ ಒದ್ದೆಯಾಗುವ ಮೊದಲೇ, ಒತ್ತಿದಳು. ಮತ್ತೆ ದೀಪ ಹತ್ತಿದಾಗ ರಾಶಿಭವಿಷ್ಯ ಶುರುವಾಗಿತ್ತು. ಫೆರ್ಮಿನ್ ಕೇಳಿದ್ದನ್ನು ಮರೆತಿದ್ದ. ಒಂದೂವರೆ ಗಂಟೆ ಕಾರ್ಯಕ್ರಮ ಇನ್ನೂ ಉಳಿದಿತ್ತು. ಆ ಒಂದೂವರೆ ಗಂಟೆಯಲ್ಲಿ ಎಷ್ಟೋ ಸಲ ಅವಳಿಗೆ ಮಾತಾಡುವ ಸರದಿ ಬಂತು, ಅವಳು ಎಷ್ಟೋ ಮಾತಾಡಿದಳು.

ಮನೆಯಲ್ಲಿ ಅಮ್ಮ ಊಟಕ್ಕೆಂದು ಎತ್ತಿಟ್ಟಿದ್ದ ನಾಲ್ಕು ತಮಾಲುಗಳನ್ನು ಬಿಸಿ ಮಾಡುತ್ತಿದ್ದಳು. "ಫೆರ್ಮಿನ್ ಎರಡನೇ ತುತ್ತು ತಿಂದ, ನೋಡಿದೆ," ಎಂದಳು. ಅವಳ ಮುಖ ಕೆಂಪಾಗಿತ್ತು, ಅದು ಹಬೆಗೆ ಇದ್ದರೂ ಇರಬಹುದು. "ಆಮೇಲೆ ನೀನೇನೋ ಹೇಳೋಕೆ ಹೋದೆ. ಅಷ್ಟರಲ್ಲಿ ಸೋಪಿನ ಜಾಹೀರಾತಿನವರು ಬಂದ್ಬಿಟ್ರು. ಅವರಿಗೆ ಯಾವಾಗಲೂ ಅವಸರ."

"ಹೂಂ," ಎಂದಳು ಆಂಪಾರೋ.

"ಪಾಪ, ನಿನ್ನ ಮಾತು ಮುಗಿಸೋಕೂ ಬಿಡಲ್ಲ."

ಅವಳು ಪಕ್ಕದ ಕುರ್ಚಿಯಲ್ಲಿ ಕುಳಿತಳು. ಸೋಪಿನವರದು ತಪ್ಪಲ್ಲ, ನಾನು ಬೆರಳು ಎಣಿಸುತ್ತಿದ್ದೆ ಎಂದು ಹೇಳಬೇಕು. ಅಮ್ಮ ಅದಕ್ಕೂ ಒಂದು ಕಾರಣ ಹುಡುಕಿ ಕೊಟ್ಟುಬಿಡುತ್ತಾಳೆ. ಅದು ಗೊತ್ತಿದ್ದದ್ದರಿಂದಲೇ ಹೇಳಲಾಗಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಗೊಂಬೆ ನಿಂತಿತ್ತು. ಅಮ್ಮ ಅದಕ್ಕೊಂದು ಚಿಂದಿಯ ಅಂಗಿ ಹೊಲಿದು ಹಾಕಿದ್ದಳು, ಕಂದೇಲಾರಿಯಾಕ್ಕೆ ದೇವರಿಗೆ ಹೊಸ ಬಟ್ಟೆ ಹಾಕಬೇಕಲ್ಲ. ಬಟ್ಟೆ ನೀಲಿಯದು. ಏಪ್ರನ್ನಿನ ಅಂಚಿನಿಂದ ಕತ್ತರಿಸಿದ್ದು.

ಬಾಗಿಲ ಗಂಟೆ ಹೊಡೆಯಿತು. ಅಮ್ಮ ಒಲೆ ಆರಿಸಿ, ಕೈ ಒರೆಸಿಕೊಂಡು, ಆಂಪಾರೋ ಏಳುವ ಮೊದಲೇ ಮೊಳೆಯಿಂದ ಏಪ್ರನ್ ತೆಗೆದು ಕಟ್ಟಿಕೊಳ್ಳುತ್ತಾ ಹೋಗಿ ಬಾಗಿಲು ತೆರೆದಳು. ಹೊಸ್ತಿಲಲ್ಲಿ ಓರ್ತೆನ್ಸಿಯಾ; ಮೆಟ್ಟಿಲು ಹತ್ತಿ ಉಸಿರು ಬಿಡುತ್ತಿದ್ದಳು, ಎರಡು ಕೈಯಲ್ಲಿ ಎರಡು ಪಾತ್ರೆ, ತೊಳೆದು ಹೊಳೆಯುವಂತೆ ಉಜ್ಜಿದ್ದು. "ಪಾತ್ರೆ ಕೊಟ್ಟು, ಕೈ ಮುಟ್ಟಿ ಹೋಗೋಣ ಅಂತ ಬಂದೆ," ಎಂದಳು. "ನೀವೇ ಅಲ್ವಾ, ಡೋನ್ಯಾ ಹೋವಿತಾ?"

"ಹೌದು. ಅಯ್ಯೋ, ಈ ಮಂಡೀಲಿ ಇಷ್ಟು ದೂರ ಬಂದ್ರಾ? ಒಳಗೆ ಬನ್ನಿ." ಅಮ್ಮ ಪಾತ್ರೆಗಳನ್ನು ಇಸಿದುಕೊಂಡಳು. ಆಮೇಲೆ ನಡುಮನೆಯಲ್ಲಿ ಬಂದು ನಿಂತಿದ್ದ ಮಗಳ ಕಡೆ ತಿರುಗಿ, ಕಣ್ಣು ತುಸು ತಗ್ಗಿಸಿ, ಅತಿಥಿಗಳ ಎದುರಿಗೆ ಇಟ್ಟುಕೊಂಡಿದ್ದ ಧ್ವನಿಯಲ್ಲಿ ಕೇಳಿದಳು, "ಕಾಫಿ ತರಲಾ, ಸೆನ್ಯೋರಾ?"

ಓರ್ತೆನ್ಸಿಯಾ ಗೋಡೆಯ ಚಿತ್ರವನ್ನು ನೋಡತೊಡಗಿದಳು. ಬಹಳ ಗಮನವಿಟ್ಟು ನೋಡಿದಳು. ಆ ಚಿತ್ರದಲ್ಲಿ ಅಷ್ಟು ನೋಡುವುದು ಏನೂ ಇರಲಿಲ್ಲ.

"ನಾನು ಮಾಡ್ತೀನಿ. ನೀವಿಬ್ಬರೂ ಕೂತ್ಕೊಳ್ಳಿ," ಎಂದು ಆಂಪಾರೋ ಅಡುಗೆಮನೆಗೆ ಹೋದಳು. ಅದು ಓಡಿಹೋಗುವುದೇ ಆಗಿತ್ತು, ಅವಳಿಗೆ ಗೊತ್ತಿತ್ತು. ನೀರು ಒಲೆಯ ಮೇಲಿಟ್ಟಳು. ಕಾಫಿಪುಡಿ ಕಣ್ಣೆದುರಿಗೇ ಇತ್ತು. ದಾಲ್ಚಿನ್ನಿ ಸಿಕ್ಕಿತು. ಸಕ್ಕರೆ ಸಿಗಲಿಲ್ಲ. ಒಂದೊಂದೇ ಬಾಗಿಲು ತೆರೆದಳು: ಅಕ್ಕಿ, ಒಣಮೆಣಸಿನಕಾಯಿ, ಮಡಿಸಿಟ್ಟ ಪ್ಲಾಸ್ಟಿಕ್ ಚೀಲಗಳು, ತನ್ನ ಚಿತ್ರ ಬಂದಿದ್ದ ಹಳೆಯ ಪತ್ರಿಕೆಗಳ ಕಟ್ಟು, ದಾರ ಕಟ್ಟಿ ಒಪ್ಪವಾಗಿಟ್ಟದ್ದು. ಹನ್ನೆರಡು ವರ್ಷದಿಂದ ಇರುವ ಮನೆ. ಹೊರಗೆ ಓರ್ತೆನ್ಸಿಯಾ ಹಿಟ್ಟಿಗೆ ಏನು ಹಾಕಿದಿರಿ ಎಂದು ಕೇಳುವುದು, ಅಮ್ಮ ನಾಚಿಕೊಂಡು ಹೇಳುವುದು ಕೇಳಿಸಿತು. ನೀರು ಕುದಿಯತೊಡಗಿತು. ಸಕ್ಕರೆಯಿಲ್ಲದ ಕಾಫಿಯನ್ನೇ ಕೊಟ್ಟುಬಿಡಬಹುದು. ಅಥವಾ ಬಾಗಿಲಿನವರೆಗೆ ಹೋಗಿ, ಯಾರನ್ನೂ ಏನೂ ಎಂದು ಕರೆಯದೆ, ಸಕ್ಕರೆ ಎಲ್ಲಿದೆ ಎಂದಷ್ಟೇ ಕೇಳಬಹುದು. ಹಾಗೆ ಕೇಳುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು. ಯಾರೂ ಬೆರಳು ಮಡಚುತ್ತಿರಲಿಲ್ಲ. ಯಾವ ದೀಪವೂ ಆರುವುದಿರಲಿಲ್ಲ.

"ಅಮ್ಮಾ," ಎಂದು ಕೂಗಿದಳು. ಧ್ವನಿ ಒಡೆದು, ಬೇಕಾದ್ದಕ್ಕಿಂತ ಜೋರಾಗಿ ಬಂತು. "ಅಮ್ಮಾ, ಸಕ್ಕರೆ ಎಲ್ಲಿ?"

ಹೊರಗೆ ಮಾತು ನಿಂತಿತು. ಆಂಪಾರೋ ತೆರೆದ ಕಪಾಟಿನ ಮುಂದೆ, ಮುಖ ಸುಡುತ್ತಾ, ನಗದೆ ನಿಂತಿದ್ದಳು. ಎಷ್ಟೋ ಹೊತ್ತಿನ ಮೇಲೆ ಕುರ್ಚಿ ಸರಿದ ಸದ್ದಾಯಿತು, ಓರ್ತೆನ್ಸಿಯಾ ಮೆಲ್ಲಗೆ ಏನೋ ಹೇಳಿದಳು, ಕುರ್ಚಿ ಮತ್ತೆ ಸ್ವಸ್ಥಾನಕ್ಕೆ ಹೋಯಿತು. ಅಮ್ಮ ಎದ್ದು ಬರಲಿಲ್ಲ. ಕುಳಿತಲ್ಲಿಂದಲೇ ಉತ್ತರ ಕೊಟ್ಟಳು.

"ಮೇಲಿನ ಅಟ್ಟದಲ್ಲಿ, ಮಗಳೇ. ಸ್ಟೂಲ್ ಹಾಕ್ಕೊಂಡು ಹತ್ತು, ನಿನಗೆ ಎಟುಕಲ್ಲ."